ಪಾನಾ ಮುಟ್ಟದ ದಿನ

"ಅಪಘಾತದ ಹಿಂದಿನ ದಿನಾನ ಬ್ರೇಕ್ ರಿಪೇರಿ ಮಾಡಿಸಿದ್ದೆರಿ. ನಮ್ಮ ಗ್ಯಾರೇಜಿನ್ಯಾಗ, ನನ್ನ ಕಣ್ಣ ಮುಂದ."

ಖಾನಾಪುರ ಕೋರ್ಟಿನ ಸಾಕ್ಷಿಕಟ್ಟೆಯಲ್ಲಿ ನಿಂತು ಲಾರಿ ಮಾಲೀಕ ಗುರುಪುತ್ರಪ್ಪ ಗಿಳಿಪಾಠ ಒಪ್ಪಿಸಿದ. ಆರೋಪಿಯ ಜಾಗದಲ್ಲಿದ್ದ ಡ್ರೈವರ್ ಕಾಸಿಮಸಾಬ ಕಣ್ಣು ಮುಚ್ಚಿಕೊಂಡ. ಗುಂಜಿಯ ಇಳುಕಲಿನಲ್ಲಿ ಹಂಚು ತುಂಬಿದ ಲಾರಿ ಬ್ರೇಕ್ ಹಿಡಿಯದೆ ಟೆಂಪೊಗೆ ಗುದ್ದಿತ್ತು. ಟೆಂಪೊದಲ್ಲಿದ್ದ ಗುಂಜಿಯ ಇಬ್ಬರ ಕೈಕಾಲು ಮುರಿದಿದ್ದವು, ಕಾಸಿಮಸಾಬನ ಬಲಗಾಲು ಮೊಣಕಾಲ ಕೆಳಗೆ ಹೋಗಿತ್ತು. ಕಾಲು ಹೋದದ್ದನ್ನಾದರೂ ಅವನು ನುಂಗಿಕೊಂಡಿದ್ದ. ಆದರೆ ಹುಟ್ಟಿದೂರು ಗುಂಜಿಯೇ "ಕುಡಿದು ಗಾಡಿ ಹೊಡದಾನ" ಎಂದು ಮಾತು ಬಿಟ್ಟಿತ್ತಲ್ಲ, ಅದು ಗಂಟಲಿಗಿಳಿದಿರಲಿಲ್ಲ. ಬ್ರೇಕ್ ಸರಿಯಿತ್ತೆಂದಾದರೆ ತಪ್ಪೆಲ್ಲ ಅವನದೇ. ಬ್ರೇಕ್ ಹಿಡೀವಲ್ದು ಎಂದು ಆ ಮುಂಜಾನೆ ಅವನು ಹೇಳಿದ್ದನ್ನು ಕೇಳಿದವನು ಗುರುಪುತ್ರಪ್ಪ ಒಬ್ಬನೇ.

ಕಾಸಿಮಸಾಬನ ವಕೀಲೆ ರೂಪಾಲಿ ಬ್ರೇಕಿನ ಸುದ್ದಿಯನ್ನೇ ಎತ್ತಲಿಲ್ಲ. ಬೆಳಗಾವಿ ಆಟೋ ನಗರದಲ್ಲಿ ನಿಮ್ಮ ಗ್ಯಾರೇಜಿನ ಖಂಡೇಪೂಜೆಗೆ ಬಹಳ ಹೆಸರಂತೆ, ಹೌದೇ ಎಂದು ಕೇಳಿದಳು. ಸರ್ಕಾರಿ ವಕೀಲರು ಗೊಣಗಿದರು. ಗುರುಪುತ್ರಪ್ಪ ಮಾತ್ರ ಅರಳಿ ಹೋದ. ಹೊಗಳಿದರೆ ಹೊನ್ನಶೂಲಕ್ಕೂ ಏರುವ ಆಸಾಮಿ! ಅಜ್ಜನ ಕಾಲದಿಂದ ನಡೆದುಬಂದ ಆಯುಧಪೂಜೆಯೆಂದ. ಸುತ್ತಿಗೆಗೂ ನಟ್ಟು ಬಿಚ್ಚುವ ಪಾನಾಕ್ಕೂ ಕುಂಕುಮ ಹಚ್ಚುತ್ತೇವೆ, ಆ ದಿನ ಗ್ಯಾರೇಜಿನಲ್ಲಿ ಒಂದು ನಟ್ಟು ತಿರುಗುವುದಿಲ್ಲ, ತಿರುಗಿಸಿದ ಮೇಸ್ತ್ರಿಯೊಬ್ಬನನ್ನು ನಿಂತ ಕಾಲಲ್ಲೇ ಮನೆಗೆ ಕಳಿಸಿದ್ದೇನೆ ಎಂದ.

"ಅಪಘಾತ ಆದ ವರ್ಷ?" ರೂಪಾಲಿ ಕೇಳಿದಳು.

"ಆ ವರ್ಷಾನೂ ಅಷ್ಟರಿ. ಒಬ್ಬಾಂವಗೂ ಪಾನಾ ಮುಟ್ಟಾಕ ಬಿಟ್ಟಿಲ್ಲ."

"ಅಪಘಾತ ಆಗಿದ್ದು ದಸರಾ ಮುಂಜಾನೆ, ಸಾವಕಾರ್ರ. ಹಿಂದಿನ ದಿನ ಖಂಡೇಪೂಜಿ. ಹಂಗಾರ ಬ್ರೇಕ್ ಬಿಚ್ಚಿದವರು ಯಾರು?"

ಗುರುಪುತ್ರಪ್ಪನಿಗೆ ಸಾಕ್ಷಿ ಕಲಿಸಿದವರು ಇದನ್ನು ಕಲಿಸಿರಲಿಲ್ಲ. ನ್ಯಾಯಾಧೀಶರು ಪೆನ್ನು ಕೆಳಗಿಟ್ಟು, ಎರಡರಲ್ಲಿ ಒಂದು ಸುಳ್ಳು, ಯಾವುದೆಂದು ನೀವೇ ಹೇಳಿ ಎಂದರು. ಪೂಜೆ ಸುಳ್ಳೆಂದುಬಿಟ್ಟರೆ ಮುಗಿಯುತ್ತಿತ್ತು. ಆದರೆ ಅದು ಅಜ್ಜನ ಪೂಜೆ. ನಾಳೆ ಆಟೋ ನಗರದಲ್ಲಿ ಯಾವ ಮುಖ ಹೊತ್ತು ತಿರುಗುವುದು? ಅವನ ಕೈ ತಾನಾಗಿ ಅಂಗಿಯೊಳಗಿನ ಲಿಂಗದ ಮೇಲೆ ಹೋಯಿತು.

"ಪೂಜಿ ಖರೇರಿ" ಎಂದ. ಆಮೇಲೆ ನೆಲ ನೋಡುತ್ತ, "ಬ್ರೇಕ್ ಮಾಡಿಸಿಲ್ಲರಿ. ಕಾಸಿಮ ಹೇಳಿದ್ದ. ನಾನ ಹೋಗು ಅಂದೆ" ಎಂದ.

ಹಿಂದಿನ ಬೆಂಚಿನಲ್ಲಿದ್ದ ಕಾಸಿಮಸಾಬನ ಹೆಂಡತಿ ರಾಜಬೀ ಸೆರಗು ಬಾಯಿಗಿಟ್ಟುಕೊಂಡು ಬಿಕ್ಕಿದಳು. ಅವಳ ಬಾಜುವಿನಲ್ಲೇ ಟೆಂಪೊದ ಆ ಇಬ್ಬರು ಕೂತಿದ್ದರು. ಅಂದಿನಿಂದ ಅವಳ ಮನೆಯ ಕಡೆ ಮುಖ ಹಾಕದವರು. ಈಗ ಒಬ್ಬ ಇನ್ನೊಬ್ಬನನ್ನು, ಏನಂದ, ಏನಂದ ಎಂದು ಕೇಳುತ್ತಿದ್ದ.

ಕಾಸಿಮಸಾಬನ ಎದೆ ಸಂತೋಷಕ್ಕೆ ಬಿರಿಯುವಂತಾಗಿತ್ತು. ಊರುಗೋಲು ಊರಿ ನೆಟ್ಟಗೆ ನಿಂತ. ಪೊಲೀಸನೊಬ್ಬ ಸುಮ್ಮನಿರು ಎಂದು ಸನ್ನೆ ಮಾಡಿದ. ನ್ಯಾಯಾಧೀಶರು ತಡೆಯಲಿಲ್ಲ.

"ಸಾವಕಾರ್ರ, ಇನ್ನೊಮ್ಮೆ ಹೇಳ್ರಿ" ಎಂದ. "ಜೋರಾಗಿ ಹೇಳ್ರಿ. ಹಿಂದ ನಮ್ಮೂರ ಮಂದಿ ಕುಂತಾರ."