ಐದು ಲೀಟರ್ ಶೇಂಗಾ ಎಣ್ಣೆ

ಹೊಲಿಗೆ ಕೆಲಸ ಮುಗಿಸಿದ ಸೊಸೆ ಐದು ಲೀಟರ್ ಶೇಂಗಾ ಎಣ್ಣೆ ಹೊತ್ತು ಮನೆಗೆ ಬಂದಳು. ಗಾಣದಲ್ಲಿ ಕೆಜಿ ಲೆಕ್ಕದಲ್ಲೇ ಎಣ್ಣೆ ಕೊಂಡು ರೂಢಿಯಿದ್ದ ಅತ್ತೆ ಕ್ಯಾನನ್ನು ತಕ್ಕಡಿಗಿಟ್ಟರು.

“ನಾಕೂವರಿ ಕೆಜಿ ಐತಿ. ಉಳಿದ ಅರ್ಧ ತವರಿಗೆ ಹೋತೇನು? ನಾಳೆ ನಿಮ್ಮಪ್ಪನ್ನ ಕರಸ್ತೀನಿ, ನಿನ್ನ ಕರ್ಕೊಂಡು ಹೋಗ್ಲಿ.”

“ಎಣ್ಣಿ ನೀರಿಗಿಂತ ಹಗರ ಇರ್ತೈತ್ರಿ ಅತ್ತಿ. ಲೀಟರಿಗೆ ಒಂದು ಕೆಜಿ ತುಂಬೂದಿಲ್ಲ.”

“ನನಗ ಕಲಸ್ತಿ?”

ಸೊಸೆ ಒಂದೇ ಚೆಂಬಿನಲ್ಲಿ ಮೊದಲು ನೀರು, ಆಮೇಲೆ ಎಣ್ಣೆ ತುಂಬಿ ತೂಗಿ ತೋರಿಸಿದಳು. ಎಣ್ಣೆಯೇ ಹಗುರವಾಗಿತ್ತು.

ಅತ್ತೆ ಎಣ್ಣೆಯ ಚೆಂಬನ್ನು ತಾವೇ ಇನ್ನೊಮ್ಮೆ ತೂಗಿದರು.

“ಹಂಗಾರ ನಿನ್ನ ಗಂಡನ ಮೊದಲ್ನೇ ಹೇಂತಿನೂ ಕದ್ದಿರಲಿಲ್ಲೇನು?”