ಹೂ ತರುವಷ್ಟು ಹೊತ್ತು

ಮುತ್ತುರಾಜ್ ಸೇವಂತಿಗೆಯ ಪೊಟ್ಟಣ ಹಿಡಿದು ಒಳಗೆ ಕಾಲಿಡುವುದಕ್ಕೂ ಪರದೆಯ ಮೇಲೆ ಪಿಂಚಣಿ ಪ್ರೋಗ್ರಾಂ ಮುಗಿಯುವುದಕ್ಕೂ ಸರಿಹೋಯಿತು. ಸುಪ್ರಜಾ ಗೋಡೆ ಗಡಿಯಾರ ನೋಡಿದಳು. ಆಮೇಲೆ ಪಕ್ಕದಲ್ಲಿ ನಿಂತಿದ್ದ ದೊಡ್ಡಬೈರಪ್ಪನವರನ್ನು ನೋಡಿದಳು.

“ನೋಡಿದ್ರಾ ಸರ್? ನಲವತ್ತು ನಿಮಿಷ. ಈಗ್ಲೂ ಅಷ್ಟೇ.”

ಚಾಮರಾಜಪೇಟೆಯ ಆ ಪಿಂಚಣಿ ಸಂಸ್ಥೆಯ ಕಂಪ್ಯೂಟರ್ ವಿಭಾಗಕ್ಕೆ ದೊಡ್ಡಬೈರಪ್ಪ ಮುಖ್ಯಸ್ಥರು. ಮಾತು ಕಡಿಮೆ. ಅವರು ತಲೆಯಾಡಿಸಿದರು, ಅಷ್ಟೆ.

ಸಂಸ್ಥೆಯ ಲೆಕ್ಕವನ್ನೆಲ್ಲ ಹೊರುವ ಮೇನ್‌ಫ್ರೇಮ್ ಯಂತ್ರಕ್ಕೆ ಹೊಸ ಪ್ರೊಸೆಸರ್ ಬಂದದ್ದು ಆಷಾಢದಲ್ಲಿ. ಆಷಾಢದಲ್ಲಿ ಹೊಸದೇನನ್ನೂ ಶುರು ಮಾಡಬಾರದೆಂದು ಮೇಲಿನವರು ಹಟ ಹಿಡಿದರು. ತಿಂಗಳುಪೂರ್ತಿ ಹಳೆಯದೇ ದುಡಿಯಿತು. ಹೊಸದು ಬರೀ ಪರೀಕ್ಷೆಗೆ. ಆ ಪರೀಕ್ಷೆ ಸುಪ್ರಜಾಳ ಪಾಲಿಗೆ ಬಂತು. ಯಾವ ಪ್ರೋಗ್ರಾಂ ಹೊಸದರಲ್ಲಿ ಎಷ್ಟು ಹೊತ್ತಿನಲ್ಲಿ ಮುಗಿಯುತ್ತದೆ ಎನ್ನುವುದು ಶ್ರಾವಣ ಬರುವಷ್ಟರಲ್ಲಿ ಅವಳಿಗೆ ಬಾಯಿಪಾಠವಾಗಿತ್ತು.

ಶ್ರಾವಣದ ಮೊದಲ ಶುಕ್ರವಾರ ಪ್ರೊಸೆಸರಿಗೆ ಕುಂಕುಮ ಹಚ್ಚಿ, ಕೆಳಗೆ ನಿಂಬೆಹಣ್ಣಿಟ್ಟು ಕೆಲಸಕ್ಕೆ ಹಚ್ಚಿದರು. ಎಲ್ಲ ಪ್ರೋಗ್ರಾಂಗಳೂ ಅರ್ಧಕ್ಕರ್ಧ ಹೊತ್ತಿನಲ್ಲಿ ಮುಗಿದವು. ಮುತ್ತುರಾಜ್ ನೋಡಿಕೊಳ್ಳುತ್ತಿದ್ದ ಪಿಂಚಣಿ ಪ್ರೋಗ್ರಾಂ ಮಾತ್ರ ಹಳೆಯ ಯಂತ್ರದಲ್ಲಿ ತೆಗೆದುಕೊಳ್ಳುತ್ತಿದ್ದಷ್ಟೇ ಹೊತ್ತು ತೆಗೆದುಕೊಂಡಿತು. ಈ ಶುಕ್ರವಾರವೂ ಅದೇ ಹಾಡು.

ಆ ನಲವತ್ತು ನಿಮಿಷದ ಲೆಕ್ಕ ವಿಭಾಗದಲ್ಲಿ ಎಲ್ಲರಿಗೂ ಗೊತ್ತು. ಶುಕ್ರವಾರ ಅದನ್ನು ಓಡಿಸಿ ಮುತ್ತುರಾಜ್ ಕೃಷ್ಣರಾಜ ಮಾರುಕಟ್ಟೆಗೆ ನಡೆದು ಹೋಗುತ್ತಿದ್ದರು, ಯಂತ್ರದ ಕೋಣೆಯ ಲಕ್ಷ್ಮಿ ಪಟಕ್ಕೆ ಹೂ ತರುವುದಕ್ಕೆ. ಅವರು ಬರುವುದಕ್ಕೂ ಅದು ಮುಗಿಯುವುದಕ್ಕೂ ಸರಿ. ನಲವತ್ತು ನಿಮಿಷ ಎನ್ನುವ ಬದಲು ‘ಹೂ ತರುವಷ್ಟು ಹೊತ್ತು’ ಎನ್ನುವುದೇ ಅಲ್ಲಿ ರೂಢಿಯಾಗಿತ್ತು.

ಈಗ ಆ ಮಾತಿಗೆ ನಗುವ ಸಮಯವಲ್ಲ. ಹೊಸ ಯಂತ್ರಕ್ಕೆ ಇಬ್ಬರು ಬೇಡ, ಒಬ್ಬರು ಸಾಕು ಎಂದು ಮೇಲಿನಿಂದ ಆದೇಶ ಬಂದಿತ್ತು. ಮುತ್ತುರಾಜ್ ಇಲ್ಲವೇ ಸುಪ್ರಜಾ. ಮುತ್ತುರಾಜ್ ಹೆಂಡತಿ ಭಾಗ್ಯಳಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್, ಎಲ್ಲವೂ ಕಚೇರಿಯ ವಿಮೆಯಲ್ಲಿ. ಕೆಲಸ ಹೋದರೆ ವಿಮೆಯೂ ಹೋದಂತೆ. ಇದು ಸುಪ್ರಜಾಗೆ ಚೆನ್ನಾಗಿ ಗೊತ್ತಿತ್ತು. ಇಡ್ಲಿ ಕಟ್ಟಿಸಿಕೊಂಡು ಆಸ್ಪತ್ರೆಗೆ ಹೋಗಿ ಬಂದವಳು ಅವಳು. ಕೆಲಸ ಕಲಿಸಿದ ಗುರುವಿನ ಮನೆಯವರಲ್ಲವೇ.

“ಕಾರಣ ಸಿಕ್ತಾ?” ದೊಡ್ಡಬೈರಪ್ಪ ಕೇಳಿದರು.

ಸುಪ್ರಜಾ ಪ್ರೋಗ್ರಾಂ ತೆರೆದಳು. ಸಾವಿರಾರು ಸಾಲು. ತಡಕಾಡದೆ ಒಂದರ ಮೇಲೆ ಬೆರಳಿಟ್ಟಳು.

“ಇಲ್ಲಿ ನಿದ್ದೆ ಮಾಡ್ತಿದೆ ಸರ್. ಇಪ್ಪತ್ತು ನಿಮಿಷ ಸುಮ್ನೆ ಕಾಯಿ ಅಂತ ಬರೆದಿದೆ. ಕೆಲಸ ಇಪ್ಪತ್ತು, ನಿದ್ದೆ ಇಪ್ಪತ್ತು. ಪ್ರೊಸೆಸರ್ ಎಷ್ಟೇ ಫಾಸ್ಟ್ ಆದ್ರೂ ನಿದ್ದೆ ಕಮ್ಮಿ ಆಗಲ್ಲ.”

ಮುತ್ತುರಾಜ್ ಪೊಟ್ಟಣವನ್ನು ಮೇಜಿನ ಮೇಲಿಟ್ಟು ಬಗ್ಗಿ ನೋಡಿದರು. “ಇದು ನಾನು ಬರೆದಿದ್ದಲ್ಲ.”

“ಮತ್ಯಾರು ಸರ್? ಈ ಪ್ರೋಗ್ರಾಂ ನೋಡ್ಕೊಳ್ಳೋರು ನೀವೊಬ್ರೇ.”

ಯಾರು ತಿದ್ದಿದರು ಎಂದು ಯಂತ್ರವನ್ನು ಕೇಳಿ ಪ್ರಯೋಜನವಿರಲಿಲ್ಲ. ಇಡೀ ವಿಭಾಗಕ್ಕೆ ಒಂದೇ ಪಾಸ್‌ವರ್ಡ್. ಅದೂ ಲಕ್ಷ್ಮಿ ಪಟದ ಹಿಂದೆ ಅಂಟಿಸಿತ್ತು.

“ಹಳೇ ಮೆಷಿನ್‌ನಲ್ಲೂ ನಲವತ್ತು, ಹೊಸದ್ರಲ್ಲೂ ನಲವತ್ತು,” ಸುಪ್ರಜಾ ಮೆಲ್ಲಗೆ ಹೇಳಿದಳು. “ಅಂದ್ರೆ ಈ ಸಾಲು ಮೊದಲಿಂದ್ಲೂ ಇದೆ ಅಂತ ತಾನೇ? ಮಾರ್ಕೆಟ್‌ಗೆ ಹೋಗ್ಬರೋಕೆ ಟೈಮ್ ಬೇಕಿತ್ತು, ಇಟ್ಕೊಂಡಿದೀರ. ಒಪ್ಕೊಂಡ್ಬಿಡಿ ಸರ್.”

ಮುತ್ತುರಾಜ್ ಆ ಸಾಲನ್ನು ಮತ್ತೆ ಓದಿದರು. ಬೆಳಿಗ್ಗೆ ಹೆಂಡತಿಯನ್ನು ಆಸ್ಪತ್ರೆಯಲ್ಲಿ ಮಲಗಿಸಿ ಬಂದ ಮನುಷ್ಯ. ತಲೆಯಲ್ಲಿ ಯಾವ ಲೆಕ್ಕವೂ ಓಡುತ್ತಿರಲಿಲ್ಲ. ಕೊನೆಗೆ ಶಿಷ್ಯೆಯ ಕಡೆಗೇ ತಿರುಗಿದರು.

“ಸುಪ್ರಜಾ, ನಿಂಗಾದ್ರೂ ಗೊತ್ತಲ್ಲಮ್ಮ, ನಾನು ಹಂಗೆ ಮಾಡೋನಲ್ಲ ಅಂತ.”

“ಗೊತ್ತು ಸರ್,” ಎಂದಳು ಅವಳು. “ಅದಕ್ಕೇ ನಂಗೂ ಬೇಜಾರು.”

ದೊಡ್ಡಬೈರಪ್ಪ ಕನ್ನಡಕ ತೆಗೆದು ಒರೆಸಿದರು. “ಸೋಮವಾರದಿಂದ ಬರಬೇಡಿ ಮುತ್ತುರಾಜ್.”

“ಸರ್, ಭಾಗ್ಯಂದು ಚಿಕಿತ್ಸೆ ನಡೀತಿದೆ. ವಿಮೆ...”

“ಬರಬೇಡಿ ಅಂದೆ.”

ಮುತ್ತುರಾಜ್ ಊಟದ ಡಬ್ಬಿ ತೆಗೆದುಕೊಂಡು ಹೊರಟರು. ಹೂವಿನ ಪೊಟ್ಟಣ ಮೇಜಿನ ಮೇಲೇ ಉಳಿಯಿತು. ಸುಪ್ರಜಾ ಅದನ್ನು ಬಿಚ್ಚಿ ಲಕ್ಷ್ಮಿ ಪಟಕ್ಕೆ ಏರಿಸಿದಳು. ತಂದ ಹೂವನ್ನು ಬಾಡಿಸಬಾರದಲ್ಲ.

ಸಂಜೆ ದೊಡ್ಡಬೈರಪ್ಪ ಅವಳನ್ನು ತಮ್ಮ ಕೋಣೆಗೆ ಕರೆದು ಕಾಫಿ ತರಿಸಿದರು. ಆ ಕೋಣೆಯಲ್ಲಿ ಅವಳಿಗೆ ಸಿಕ್ಕ ಮೊದಲ ಕಾಫಿ ಅದು.

“ನಿಮ್ಮ ಕೆಲಸ ಗಟ್ಟಿಯಾಯ್ತು,” ಎಂದರು. “ದೀಪಾವಳಿ ಕಳೆದ್ಮೇಲೆ ಬಸವನಗುಡಿ ಕಚೇರಿಗೂ ಹೊಸ ಪ್ರೊಸೆಸರ್ ಬರುತ್ತೆ. ಅಲ್ಲೂ ಇಬ್ರಿದಾರೆ, ಒಬ್ರನ್ನ ಕಳಿಸ್ಬೇಕು. ಸುಮ್ನೆ ಕಳಿಸಿದ್ರೆ ಕೋರ್ಟು ಕಚೇರಿ ಅಂತಾರೆ. ಅಲ್ಲಿನ ತನಿಖೆನೂ ನೀವೇ ಮಾಡಿ.”

“ಆಗ್ಲಿ ಸರ್.” ಸುಪ್ರಜಾ ಲೋಟ ಇಟ್ಟು ಎದ್ದಳು. ಮನಸ್ಸು ಹಗುರವಾಗಿತ್ತು. ಬಾಗಿಲವರೆಗೂ ಹೋದಳು.

“ಒಂದ್ನಿಮಿಷ,” ದೊಡ್ಡಬೈರಪ್ಪ ಹಿಂದಿನಿಂದ ಕರೆದರು. “ಆ ನಿದ್ದೆ ಹಳೇ ಮೆಷಿನ್‌ನಲ್ಲೂ ಇದ್ದಿದ್ರೆ, ಉಳಿದ ಇಪ್ಪತ್ತು ನಿಮಿಷದ ಕೆಲಸ ಹೊಸದ್ರಲ್ಲಿ ಹತ್ತಕ್ಕೆ ಇಳೀಬೇಕಿತ್ತು. ಒಟ್ಟು ಮೂವತ್ತು ಆಗ್ಬೇಕಿತ್ತು, ನಲವತ್ತಲ್ಲ.”

ಬಾಗಿಲ ಹಿಡಿಯ ಮೇಲೆ ಅವಳ ಕೈ ಹಾಗೇ ನಿಂತಿತು. ದೊಡ್ಡಬೈರಪ್ಪ ತಮ್ಮ ಕಾಫಿಯ ಕೊನೆಯ ಗುಟುಕು ಕುಡಿದು, ಬಾಯಿ ಒರೆಸಿಕೊಂಡರು.

“ಬಸವನಗುಡೀಲಿ, ಹೊಸ ಪ್ರೊಸೆಸರ್ ಬರೋದಕ್ಕೆ ಮುಂಚೆನೇ ಆ ಸಾಲು ಸೇರಿಸ್ಬಿಡಿ,” ಎಂದರು.