ಹ್ಯಾಲೋರನ್‌ನನ್ನು ತೆಗೆಯಿರಿ

"ಸಹಿ ಹಾಕಲ್ಲ ಅಂದ್ರೆ ಹಾಕಲ್ಲ," ಎಂದು ವೆಂಡೆಲ್ ಹಾಳೆಗಳ ರಟ್ಟನ್ನು ತಳ್ಳಿದ. ಪಕ್ಕದ ಸೀಟಿನ ಲೊರೇನ್ ಅದನ್ನು ಮತ್ತೆ ಅವನ ಮೂಗಿನ ಮುಂದೆಯೇ ಹಿಡಿದಳು.

"ಒಂಬೈನೂರ ತೊಂಬತ್ತೆಂಟು ಆಗಿದೆ. ಈ ಸಾಲಲ್ಲಿ ಉಳಿದಿರೋ ಮೊಂಡ ನೀನೊಬ್ಬನೇ."

ಜುಲೈ ಕೊನೆಯ ಮಧ್ಯಾಹ್ನ. ಹಾರ್ಬರ್‌ಮೆನ್ ಬೇಸ್‌ಬಾಲ್ ತಂಡ ಐದನೇ ಇನಿಂಗ್ಸಿಗೇ ಒಂಬತ್ತು ರನ್ ಹಿಂದಿತ್ತು. ಅದೇನು ಹೊಸದಲ್ಲ ಬಿಡಿ. ಬೇರೆ ತಂಡಗಳೊಂದಿಗೆ ಆಟಗಾರರನ್ನು ಅದಲುಬದಲು ಮಾಡಿಕೊಳ್ಳಲು ಅಂದು ಸಂಜೆ ಆರೇ ಕೊನೆಯ ಗಡುವು. ಹಾಗಾಗಿ ಮೈದಾನ ನೋಡುವವರಿಗಿಂತ ಫೋನ್ ನೋಡುವವರೇ ಹೆಚ್ಚಿದ್ದರು.

ಮೂರು ವರ್ಷದಿಂದ ಈ ಕೊಡುಕೊಳ್ಳುವ ವ್ಯವಹಾರ ನಡೆಸುತ್ತಿದ್ದವನು ತಂಡದ ಜನರಲ್ ಮ್ಯಾನೇಜರ್ ಬ್ರೆಂಡನ್ ಹ್ಯಾಲೋರನ್. ಇದ್ದ ಒಳ್ಳೆಯ ಆಟಗಾರರನ್ನೆಲ್ಲ ಕೊಟ್ಟು, ಮೀಸೆ ಚಿಗುರದ ಹುಡುಗರನ್ನು ತಂದು, ಐದು ವರ್ಷ ತಾಳಿ ಎಂದವನು. ಜನ ರೊಚ್ಚಿಗೆದ್ದಿದ್ದರು. ಏಪ್ರಿಲ್‌ನಲ್ಲಿ ತಂಡದ ಮಾಲೀಕ ರೇಡಿಯೋದಲ್ಲಿ ಕೊಬ್ಬಿನ ಮಾತಾಡಿದ್ದ: ಇಡೀ ಸೀಸನ್ನಿನ ಟಿಕೆಟ್ ಕೊಂಡವರು ಸಾವಿರ ಜನ ಸಹಿ ಹಾಕಲಿ, ಅವತ್ತೇ ಹ್ಯಾಲೋರನ್‌ನನ್ನು ಕಿತ್ತುಹಾಕುತ್ತೇನೆ. ಅಷ್ಟು ಸಹಿ ಯಾರು ತರುತ್ತಾರೆಂದು ಅವನ ಎಣಿಕೆ. ಎಪ್ಪತ್ತು ದಾಟಿದ ಲೊರೇನಳ ಹಟ ಆ ಮಹಾಶಯನಿಗೆ ಗೊತ್ತಿರಲಿಲ್ಲ.

"ಎಂಜಿನ್ ಪೂರ್ತಿ ಬಿಚ್ಚಿಟ್ಟಾಗ ಗಾಡಿ ಯಾಕೆ ಓಡ್ತಿಲ್ಲ ಅಂತ ಕೇಳ್ದಂಗಾಯ್ತು ನಿಮ್ದು," ಎಂದ ವೆಂಡೆಲ್. ಅವನು ಸಿಟಿ ಬಸ್ ಡಿಪೋದಲ್ಲಿ ಮೆಕ್ಯಾನಿಕ್. "ರಮೀರೋನಂಥ ಕ್ಯಾಚರ್‌ನ ಕೊಟ್ಟ, ಒಪ್ಕೋತೀನಿ. ನನಗೂ ಹೊಟ್ಟೆ ಉರೀತು. ಬದಲಿಗೆ ಬಂದವನು ಯಾರು? ಡಾರ್ನೆಲ್ ಪೈಕ್. ಇಪ್ಪತ್ತೆರಡು ವರ್ಷದ ಹುಡುಗ, ಏನು ಕೈ, ಏನು ಓಟ! ಇಡೀ ಲೆಕ್ಕಾಚಾರ ನಿಂತಿರೋದೇ ಅವನ ಮೇಲೆ. ಹ್ಯಾಲೋರನ್‌ಗೆ ಇನ್ನೆರಡು ವರ್ಷ ಕೊಡಿ."

"ಎರಡು ವರ್ಷ?" ಲೊರೇನ್ ಕೆಂಡವಾದಳು. "ಅವನ ಹತ್ರ ಎರಡು ವರ್ಷ ಎಲ್ಲಿದೆ?"

"ಕರಾರು ಇದೆಯಲ್ಲ."

"ನಿನ್ನ ಕರಾರಿಗೆ ಬೆಂಕಿ ಬೀಳ. ಅವನು ತಾನಾಗಿ ಬಿಡೋ ಜಾತಿಯಲ್ಲ. ಕತ್ತು ಹಿಡಿದು ಹೊರಗೆ ಹಾಕ್ಬೇಕು. ಆಫೀಸಿನ ಸೋಫಾದಲ್ಲೇ ಬಿದ್ಕೋತಾನೆ. ಊಟ ಅಂದ್ರೆ ಕಾಸು ಹಾಕಿದ್ರೆ ಮೆಷಿನ್‌ನಿಂದ ಉದುರೋ ಬಿಸ್ಕತ್ತು. ಅಂಥೋನು ಹಾಕೋ ಲೆಕ್ಕ ನೆಟ್ಟಗಿರುತ್ತಾ?"

"ಇದೆಲ್ಲ ನಿಮಗೆ ಹೇಗೆ ಗೊತ್ತು?"

"ಗೊತ್ತು, ಅಷ್ಟೇ."

ವೆಂಡೆಲ್‌ಗೆ ಮೊದಲಿನಿಂದಲೂ ಗುಮಾನಿ. ಹ್ಯಾಲೋರನ್ ಬಂದ ವರ್ಷವೇ ಈಕೆಯೂ ಈ ಸೀಟಿಗೆ ಬಂದಿದ್ದು. ಬಂದ ಹೊಸತರಲ್ಲಿ ಅವನು ಊರೂರು ತಿರುಗಿ ಆಟಗಾರರನ್ನು ಹುಡುಕುವ ಮೂವತ್ತು ಹಳೆಯ ನೌಕರರನ್ನು ಒಂದೇ ದಿನ ಮನೆಗಟ್ಟಿದ್ದ. ಈಕೆಯ ಗಂಡನೂ ಅವರಲ್ಲೊಬ್ಬನಿರಬೇಕು. ಇಲ್ಲದಿದ್ದರೆ ಇಷ್ಟು ಹಗೆ ಎಲ್ಲಿಂದ ಬರಬೇಕು?

"ನೋಡಿ, ನಿಮ್ಮ ಮನೆ ಸಿಟ್ಟನ್ನ ನಮ್ಮ ತಂಡದ ಮೇಲೆ ತೀರಿಸ್ಕೋಬೇಡಿ," ಎಂದು ಚುಚ್ಚಿಯೇಬಿಟ್ಟ.

ಲೊರೇನ್ ಅವನನ್ನೇ ದಿಟ್ಟಿಸಿದಳು. "ಮನೆ ಸಿಟ್ಟೇ. ಸರಿಯಾಗಿ ಹೇಳ್ದೆ."

ಹಿಂದಿನ ಸಾಲಿನಲ್ಲಿ ಬಿಯರ್ ಹಿಡಿದಿದ್ದ ದಡಿಯ ಆಸಾಮಿ ಬಗ್ಗಿದ. ಅವನು ಮೇ ತಿಂಗಳಲ್ಲೇ ಸಹಿ ಹಾಕಿದವನು. "ತೆಗೆಯೋದೇನು ಅಜ್ಜಿ, ಸತ್ತೇ ಹೋಗ್ಲಿ ಅವನು. ಪೀಡೆ ತೊಲಗುತ್ತೆ."

"ಮುಚ್ಚೋ ಬಾಯಿ," ಎಂದು ಲೊರೇನ್ ತಿರುಗಿಬಿದ್ದಳು. "ಕೆಲಸದಿಂದ ತೆಗೀಬೇಕು ಅಂದೆ. ಸಾಯ್ಬೇಕು ಅಂತ ಯಾವ ಹಾಳೇಲಿ ಬರೆದಿದೆ, ತೋರ್ಸು." ದಡಿಯ ಪೆಚ್ಚಾಗಿ ಹಿಂದಕ್ಕೆ ಒರಗಿದ.

ಆರನೇ ಇನಿಂಗ್ಸ್ ಶುರುವಾಯಿತು. ಪೈಕ್ ತನ್ನ ಜಾಗಕ್ಕೆ ಓಡಿ ಬಂದು ಶೂ ತುದಿಯಿಂದ ಮಣ್ಣು ಸರಿಪಡಿಸುತ್ತಿದ್ದ. ಕೋಚ್ ಕೈಸನ್ನೆ ಮಾಡಿ ವಾಪಸು ಕರೆದ. ಬದಲಿ ಆಟಗಾರನೊಬ್ಬ ಒಳಗೆ ಓಡಿದ. ಆಟಗಾರರು ಕೂರುವ ಕಟ್ಟೆಯಲ್ಲಿ ಮೊದಲು ಒಬ್ಬ ಪೈಕ್‌ನನ್ನು ತಬ್ಬಿಕೊಂಡ. ಆಮೇಲೆ ಇನ್ನೊಬ್ಬ. ಆಮೇಲೆ ಸಾಲುಗಟ್ಟಿ ಎಲ್ಲರೂ.

ಗಡುವಿನ ದಿನ, ಆಟದ ನಡುವೆ, ಸೋಲುತ್ತಿರುವ ತಂಡದವರು ಒಬ್ಬನನ್ನು ಹೀಗೆ ತಬ್ಬಿಕೊಂಡರೆ ಅರ್ಥ ಒಂದೇ. ಹುಡುಗನನ್ನು ಬೇರೆ ತಂಡಕ್ಕೆ ಕೊಟ್ಟಾಯಿತು. ವೆಂಡೆಲ್‌ನ ಕೈಯಲ್ಲಿದ್ದ ಕಡಲೆಕಾಯಿ ಪೊಟ್ಟಣ ಕೆಳಗೆ ಬಿತ್ತು.

"ಯಾರಿಗೆ ಬದಲು?" ಎಂದು ಕೇಳಿದ. ದಡಿಯ ಫೋನ್ ನೋಡಿ ಹೇಳಿದ. ಚೆಂಡೆಸೆಯುವ ಮೂವತ್ತೇಳು ವರ್ಷದ ಪಿಚರ್. ಮೊಣಕೈ ಆಪರೇಷನ್ ಆಗಿ ವರ್ಷವಿಡೀ ಚೆಂಡು ಮುಟ್ಟದವನು.

ವೆಂಡೆಲ್‌ನ ರಕ್ತ ಕುದಿಯಿತು. ಮೂರು ವರ್ಷ ಡಿಪೋದಲ್ಲಿ, ಭಾವಮೈದುನನ ಮನೆಯಲ್ಲಿ, ಚರ್ಚಿನ ಮೆಟ್ಟಿಲ ಮೇಲೆ ಈ ಮನುಷ್ಯನ ಪರ ವಾದಿಸಿ ನಗೆಪಾಟಲಾಗಿದ್ದ. "ತಲೆ ನೆಟ್ಟಗಿರೋನು ಮಾಡೋ ಕೆಲಸನಾ ಇದು?"

"ಅಲ್ಲ," ಎಂದಳು ಲೊರೇನ್. "ಏಪ್ರಿಲ್‌ನಿಂದ ನಾನು ಬಡ್ಕೋತಿರೋದು ಅದನ್ನೇ."

"ಕೊಡಿ ಇಲ್ಲಿ."

ರಟ್ಟನ್ನು ಕಿತ್ತುಕೊಂಡು ಸಹಿ ಗೀಚಿದ. ಹೆಸರು, ಸೀಟ್ ನಂಬರ್, ಪಕ್ಕದಲ್ಲಿ ತೆಗೆಯಬೇಕಾದ ಕಾರಣ. ಮೇಲಿನವರು ಕಳ್ಳ, ಮುಠ್ಠಾಳ, ಮನೆಹಾಳ ಎಂದೆಲ್ಲ ಬರೆದಿದ್ದರು. ವೆಂಡೆಲ್ 'ನಂಬಿಸಿ ಕುತ್ತಿಗೆ ಕೊಯ್ದ' ಎಂದು ಹಾಳೆ ಹರಿಯುವಷ್ಟು ಒತ್ತಿ ಬರೆದ.

"ತೊಂಬತ್ತೊಂಬತ್ತಾಯ್ತು. ಇನ್ನೊಂದಕ್ಕೆ ಯಾರನ್ನ ಹಿಡೀತೀರಿ?"

"ನಂದೇ ಬಾಕಿ. ಕೊನೇಲಿ ಹಾಕೋಣ ಅಂತಿದ್ದೆ."

ಈಕೆ ಗೆದ್ದ ಖುಷಿಯಲ್ಲಿ ಬೀಗುತ್ತಾಳೆ ಎಂದುಕೊಂಡಿದ್ದ ವೆಂಡೆಲ್. ಲೊರೇನ್ ಅಂಗೈಯಿಂದ ಕಣ್ಣೊರೆಸಿಕೊಂಡಳು. ನಿಧಾನವಾಗಿ ಬರೆದು, ರಟ್ಟನ್ನು ಅವನ ತೊಡೆಯ ಮೇಲಿಟ್ಟಳು. "ಮಾಲೀಕನ ಆಫೀಸಿಗೆ ನೀನೇ ಕೊಟ್ಟು ಬಾ. ನನ್ನ ಕೈಲಿ ಆಗಲ್ಲ."

ವೆಂಡೆಲ್ ಕೊನೆಯ ಸಾಲಿನ ಮೇಲೆ ಕಣ್ಣಾಡಿಸಿದ.

'ಲೊರೇನ್ ಹ್ಯಾಲೋರನ್. ಮಗನಿಗೆ ಎರಡು ಸಲ ಹೃದಯಾಘಾತ ಆಗಿದೆ. ಹೆತ್ತವಳು ಹೇಳಿದರೆ ಕೇಳಲಿಲ್ಲ, ನೀವಾದರೂ ಬಿಡಿಸಿ.'